ಪುಣೆಯ ಗೋಡೆಯಿಂದ ಹುಕ್ಕೇರಿಯ ಗೋಡೆಗೆ

ಪುಣೆಯಲ್ಲಿ ನೋಡತಕ್ಕದ್ದು ಏನೇನಿದೆ ಎಂದು ಊರಿನಿಂದ ಬಂದ ಬಂಧುಗಳು ಕೇಳಿದರೆ, ಶನಿವಾರವಾಡೆ, ಪರ್ವತಿ, ಸಿಂಹಗಡ ಎಂದು ಬಾಯಿಪಾಠ ಒಪ್ಪಿಸುವುದು ಇಲ್ಲಿಯ ಕನ್ನಡಿಗರೆಲ್ಲರ ವಾಡಿಕೆ. ಆ ಯಾದಿಗೆ ನಾವು ಇತ್ತೀಚೆಗೆ ಇನ್ನೊಂದನ್ನು ಸೇರಿಸಿದ್ದೇವೆ: ರಾತ್ರಿ ಹತ್ತರ ಮೇಲೆ ಪುಣೆಯ ಗೋಡೆಗಳು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಒಂದು ಸುತ್ತು ಹೊರಟರೆ ಸಾಕು. ಪೇಟೆಗಳ ಹಳೆಯ ವಾಡೆಗಳಲ್ಲಿ ಮಾಳಿಗೆಯ ಕಿಡಕಿಯಿಂದ ವಾಯರೊಂದು ಇಳಿದು ಬಂದು, ಕೆಳಗೆ ನಿಂತ ಸ್ಕೂಟರಿನ ಹೊಟ್ಟೆ ಸೇರಿರುತ್ತದೆ. ಕೆಲವರು ಬ್ಯಾಟರಿಯನ್ನೇ ಬಿಚ್ಚಿಕೊಂಡು, ಹಾಲಿನ ಕ್ಯಾನಿನಂತೆ ಕೈಯಲ್ಲಿ ತೂಗಾಡಿಸುತ್ತ ಮೆಟ್ಟಿಲು ಹತ್ತುತ್ತಾರೆ. ಕೋಥರೂಡ, ಕರ್ವೆನಗರದ ಬಂಗಲೆಗಳಲ್ಲಿ ಪಾರಿಜಾತದ ಗಿಡದ ಪಕ್ಕಕ್ಕೆ ಕಾರು ನಿಂತಿದೆ. ಅದರ ಮೂತಿಯಿಂದ ಹೊರಟ ಹಗ್ಗದಂಥ ತಂತಿ ಗೋಡೆಯ ಮೂರು ತೂತಿಗೆ ಸೇರಿದೆ. ಊರು ಮಲಗಿದಾಗ ಗಾಡಿಗಳು ಉಣ್ಣುವ ಹೊತ್ತು ಅದು.

ಮೋಟಾರಿನ ವಿದ್ಯೆ ಈ ಊರಿಗೆ ಹೊಸದಲ್ಲ. ದೇಶದ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ 1966ರಿಂದ ಇಲ್ಲಿದೆ. ಕೋಥರೂಡದ ಗುಡ್ಡದ ಮೇಲೆ ತಿರುಗಾಡಲು ಹೋಗುವವರೆಲ್ಲ ಅದರ ಕಟ್ಟಡಗಳನ್ನು ಕಂಡವರೇ. 2019ರಲ್ಲಿ ನಗರ ಸಾರಿಗೆಯ ವಿದ್ಯುತ್ ಬಸ್ಸುಗಳು ಓಡತೊಡಗಿದವು. ಮರುವರ್ಷ ಬಜಾಜದವರ ಹಳೆಯ ಚೇತಕ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿ ಬಂತು; ಅದನ್ನು ಮೊದಲು ಮಾರಿದ್ದು ಪುಣೆ ಮತ್ತು ಬೆಂಗಳೂರುಗಳಲ್ಲಿ. ಆದರೆ ಮನೆಯ ಗೋಡೆಯಿಂದ ಕಾರು ಓಡಿಸಬಹುದೆಂದು ಇವರಿಗಿಂತ ಮೊದಲೇ ತೋರಿಸಿದವರು ನಮ್ಮವರೆಂಬುದನ್ನು ಇಲ್ಲಿಯ ಗೆಳೆಯರಿಗೆ ನಾವು ಆಗಾಗ ನೆನಪಿಸುತ್ತೇವೆ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ ಮೈನಿಯವರ ರೇವಾ ಬೀದಿಗಿಳಿಯಿತು. ಸೀಸದ ಎಂಟು ಬ್ಯಾಟರಿಗಳ ಆ ಪುಟ್ಟ ಗಾಡಿ ಸಾಮಾನ್ಯ 15 ಆಂಪಿಯರಿನ ಸಾಕೆಟ್ಟಿನಿಂದ ಎಂಟು ತಾಸಿನಲ್ಲಿ ಹೊಟ್ಟೆ ತುಂಬಿಸಿಕೊಂಡು 80 ಕಿ.ಮೀ. ಓಡುತ್ತಿತ್ತು. ನೋಡಿ ನಕ್ಕವರೇ ಹೆಚ್ಚು. ಮುಂದೆ ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. 2010ರಲ್ಲಿ ಮಹೀಂದ್ರದವರ ಕೈ ಸೇರಿತು.

ನಮ್ಮದು ಟಾಟಾದವರ ಟಿಯಾಗೊ, ಸಾಲದ ಗಾಡಿ. ಬ್ಯಾಟರಿ 24 ಯೂನಿಟ್ಟಿನದು. ಪರೀಕ್ಷೆಯ ಲೆಕ್ಕದಲ್ಲಿ ಅದು 315 ಕಿ.ಮೀ. ಓಡತಕ್ಕದ್ದು; ಹೆಂಡತಿ ಮಕ್ಕಳು, ಮೂರು ಚೀಲ, ಘಾಟು ರಸ್ತೆ, ತಂಪಿನ ಯಂತ್ರ ಎಲ್ಲ ಕೂಡಿದರೆ 200 ಎಂದು ಹಿಡಿಯುವುದೇ ಕ್ಷೇಮ. ಗೋಡೆಯಿಂದ ಅದು ಎಳೆಯುವುದು ತಾಸಿಗೆ ಸುಮಾರು 3 ಯೂನಿಟ್ಟು. ಬರಿದಾದ ಹೊಟ್ಟೆ ತುಂಬಲು ಒಂಬತ್ತು ತಾಸಿನ ಮೇಲೆ ಬೇಕು. ದಾರಿಯಲ್ಲಿ ಬಿಸಿಯಾಗಿ ಸೋರುವುದೂ ಸೇರಿ 28 ಯೂನಿಟ್ಟಿನ ಹತ್ತಿರ ಹೋಗುತ್ತದೆ.

ಇದು ಮನೆಯ ಬೇರಾವ ಉಪಕರಣಕ್ಕೂ ಇಲ್ಲದ ಹಸಿವು. ಗೋಡೆಯಲ್ಲಿರುವುದು ಎರಡು ಜಾತಿಯ ಸಾಕೆಟ್ಟು. ಸಣ್ಣದು ಮಿಕ್ಸರಿಗೂ ಫ್ಯಾನಿಗೂ. ದೊಡ್ಡದು, ಹಿಂದೆ 15 ಎನ್ನುತ್ತಿದ್ದು ಈಗ 16 ಆಂಪಿಯರು ಎಂದು ಬರೆದಿರುವುದು, ಗೀಜರಿಗೆ. ಕಾರಿಗೆ ಬೇಕಾದದ್ದು ಈ ದೊಡ್ಡದು. ಹಾಗಾದರೆ ಗೀಜರಿಗೂ ಕಾರಿಗೂ ಭೇದವೇನು? ನಮ್ಮ ವಾಯರಮನ್ ಇಂಡಿ ತಾಲೂಕಿನವನು. ಅವನ ಉತ್ತರಕ್ಕಿಂತ ಚೆನ್ನಾದದ್ದನ್ನು ನಾವು ಯಾವ ಪುಸ್ತಕದಲ್ಲೂ ಕಂಡಿಲ್ಲ: "ಸಾಹೇಬ್ರ, ಗೀಜರ ಇಪ್ಪತ್ತ ಮಿನೀಟ ಉಂಡು ಏಳತೈತಿ. ನಿಮ್ಮ ಗಾಡಿ ರಾತ್ರಿ ಇಡೀ ಪಂಕ್ತಿ ಬಿಟ್ಟ ಏಳೂದಿಲ್ಲ." ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತ ತುಸು ಸಡಿಲಾಗಿದ್ದರೂ ಗೀಜರು ಅದನ್ನು ಬಯಲಿಗೆ ತರುವುದಿಲ್ಲ. ಒಂಬತ್ತು ತಾಸು ಒಂದೇ ಸವನೆ 13 ಆಂಪಿಯರು ಹರಿದರೆ ಆ ಸಡಿಲಿನಲ್ಲಿ ಕಾವು ಕೂಡುತ್ತ ಹೋಗಿ ಪ್ಲಾಸ್ಟಿಕ್ಕು ಕಂದುತ್ತದೆ, ಕರಗುತ್ತದೆ. ಆದ್ದರಿಂದಲೇ ಉದ್ದದ ಎಕ್ಸ್‌ಟೆನ್ಶನ್ ಬೋರ್ಡು ಹಾಕಿ ಕಾರಿಗೆ ವಿದ್ಯುತ್ತು ಕೊಡಬಾರದು. ಸುರುಳಿ ಸುತ್ತಿದ ವಾಯರಂತೂ ಒಲೆಯೇ ಸರಿ.

ಇನ್ನು ಮೂರನೆಯ ತೂತಿನ ಕಥೆ. ಮೇಲಿನ ದಪ್ಪ ತೂತು ಭೂಮಿಯ ತಂತಿಯದು. ಕಾರು ನಿಂತಿರುವುದು ರಬ್ಬರಿನ ಮೇಲೆ. ಒಳಗೆಲ್ಲೋ ತಂತಿ ತಗಲಿ ಅದರ ಮೈಗೆ ವಿದ್ಯುತ್ತು ಬಂತೆನ್ನಿ. ಭೂಮಿಗೆ ಹೋಗುವ ದಾರಿಯೇ ಅದಕ್ಕೆ ಇಲ್ಲ. ಬರಿಗಾಲಲ್ಲಿ ಬಂದು ಬಾಗಿಲು ಮುಟ್ಟಿದ ಕೂಸೇ ದಾರಿಯಾಗಬಾರದಲ್ಲ! ಇದಕ್ಕಾಗಿಯೇ ಕಾರಿನ ತಂತಿಯ ನಡುವೆ ಇರುವ ಪೆಟ್ಟಿಗೆ ಮೊದಲು ಭೂಮಿಯ ತಂತಿಯನ್ನು ಪರೀಕ್ಷಿಸುತ್ತದೆ. ಅದು ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತದೆ. ಆ ಮುಷ್ಕರವನ್ನು ಮುರಿಯುವ ಉಪಾಯಗಳನ್ನು ಹೇಳಿಕೊಡುವ ಜಾಣರೂ ಇದ್ದಾರೆ. ಅವರ ಮಾತು ಕೇಳಬೇಡಿರೆಂದು ನಾವು ಕೈಮುಗಿದು ಹೇಳುತ್ತೇವೆ.

ವಿದ್ಯುತ್ತಿಗಿಂತ ನೆರೆಹೊರೆಯವರ ವಿದ್ಯೆ ಕಠಿಣವಾದದ್ದು. ನಾವಿರುವುದು ನಾಲ್ಕು ಮಾಳಿಗೆಯ ಒಂದು ಸೊಸಾಯಿಟಿಯಲ್ಲಿ, ಮೂರನೆಯ ಮಾಳಿಗೆಯ ಮೇಲೆ. ಗಾಡಿ ನಿಲ್ಲುವುದು ಕೆಳಗೆ. ಗಾಡಿ ಬಂದ ವಾರವೇ ಮೀಟರಿನ ಕೋಣೆಯ ಬಾಗಿಲಿಗೆ ಪುಣೇರಿ ಪಾಟಿಯೊಂದು ಏರಿತು. ಮರಾಠಿಯ ಮೊನಚು ಕನ್ನಡಕ್ಕೆ ಪೂರ್ತಿ ಬಾರದು; ಅರ್ಥ ಇಷ್ಟು: "ಎಲ್ಲರ ದೀಪದ ವಿದ್ಯುತ್ತಿನಿಂದ ತಮ್ಮ ವಾಹನದ ಹೊಟ್ಟೆ ತುಂಬಿಸುವವರು, ತಮ್ಮ ಹೊಟ್ಟೆಯನ್ನೂ ನೆರೆಮನೆಯಲ್ಲೇ ತುಂಬಿಸಿಕೊಳ್ಳುವರೇನು?" ನಾವಿನ್ನೂ ಒಂದು ಯೂನಿಟ್ಟನ್ನೂ ಮುಟ್ಟಿರಲಿಲ್ಲ. ಸಿಟ್ಟು ಬಂತು; ಆದರೆ ಅರ್ಜಿ ಬರೆಯುವುದು ನಮ್ಮ ಹೊಟ್ಟೆಪಾಡು. ಒಂದಲ್ಲ, ಮೂರು ಬರೆದೆವು. 2018ರಲ್ಲೇ ಕೇಂದ್ರ ಸರಕಾರ ಮನೆಯಲ್ಲಿ ವಾಹನಕ್ಕೆ ವಿದ್ಯುತ್ತು ತುಂಬಿಕೊಳ್ಳಲು ಅನುಮತಿಯುಂಟೆಂದು ಮಾರ್ಗಸೂಚಿ ಹೊರಡಿಸಿದ್ದನ್ನೂ, 2024ರ ತಿದ್ದುಪಡಿಯಂತೆ ಕೇಳಿದವರಿಗೆ ವಾಹನಕ್ಕಾಗಿಯೇ ಬೇರೆ ಜೋಡಣೆ ಸಿಗತಕ್ಕದ್ದೆಂಬುದನ್ನೂ ಲಗತ್ತಿಸಿದೆವು. ನಾಲ್ಕು ತಿಂಗಳು ಉತ್ತರವಿಲ್ಲ.

ಕಾರ್ಯದರ್ಶಿಗಳ ಪಕ್ಷವನ್ನೂ ಹೇಳಬೇಕು. ಅವರಿಗಿದ್ದದ್ದು ಜಿಪುಣತನವಲ್ಲ, ಬೆಂಕಿಯ ಭಯ. ಕೆಳಗೆ ಇಪ್ಪತ್ತು ಪೆಟ್ರೋಲಿನ ಗಾಡಿಗಳ ನಡುವೆ ಒಂದು ಪ್ಲಗ್ಗು ಕಂದಿದರೆ ಮೇಲೆ ಮಲಗಿದವರ ಗತಿಯೇನು ಎಂದು ಅವರು ಕೇಳಿದ್ದು ನ್ಯಾಯವೇ. ಕೊನೆಗೆ ಅವರನ್ನು ಒಪ್ಪಿಸಿದ್ದು ಕಾನೂನಲ್ಲ, ಇಂಡಿಯ ವಾಯರಮನ್. ನಮ್ಮ ಸ್ವಂತ ಮೀಟರಿನಿಂದ ಬೇರೆಯದೇ ದಪ್ಪ ತಾಮ್ರದ ತಂತಿಯನ್ನು ಕೊಳವೆಯೊಳಗೆ ಎಳೆದು, ಹೊರೆ ಮಿತಿ ಮೀರಿದರೆ ಬೀಳುವ ಎಂಸಿಬಿ ಒಂದು, ಸೋರಿಕೆ ಕಂಡೊಡನೆ ಬೀಳುವ ಆರ್‌ಸಿಸಿಬಿ ಇನ್ನೊಂದು ಕೂಡಿಸಿ, ಬೀಗದ ಪೆಟ್ಟಿಗೆಯಲ್ಲಿ ಹೊಸ ಸಾಕೆಟ್ಟು ಇರಿಸಿದ. ಮೊದಲ ದಿನ ಒಂದು ತಾಸು ಬಿಟ್ಟು ಕಾರ್ಯದರ್ಶಿಗಳ ಕೈಯಿಂದಲೇ ಪ್ಲಗ್ಗು ಮುಟ್ಟಿಸಿದ. ತುಸು ಬೆಚ್ಚಗಿತ್ತು, ಅಷ್ಟೆ. ಪಾಟಿ ಇಳಿಯಿತು. ಯೂನಿಟ್ಟುಗಳು ಮನೆಯ ಬಿಲ್ಲಿಗೇ ಕೂಡುವುದರಿಂದ ಮೇಲಿನ ದರದ ಮೆಟ್ಟಿಲು ಹತ್ತಬೇಕಾಗುತ್ತದೆ, ನಿಜ. ಆದರೂ 7 ಕಿ.ಮೀ.ಗೆ ಒಂದು ಯೂನಿಟ್ಟಿನ ಲೆಕ್ಕ ಪೆಟ್ರೋಲಿಗಿಂತ ಹಗುರವೇ.

ಇಷ್ಟೆಲ್ಲ ಹೆಣಗಾಟ ಕಚೇರಿಗೆ ಹೋಗಿ ಬರುವುದಕ್ಕಲ್ಲ. ಹುಕ್ಕೇರಿ ತಾಲೂಕಿನ ಹಳ್ಳಿಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಗೊಡುವುದಿಲ್ಲ. ಎರಡೂ ಕಣ್ಣಿಗೆ ಪೊರೆ. ಪುಣೆಯಲ್ಲಿ ಸೋಮವಾರ ಬೆಳಿಗ್ಗೆ ಶಸ್ತ್ರಕ್ರಿಯೆಗೆ ಹೊತ್ತು ಗೊತ್ತಾಗಿತ್ತು. ಶನಿವಾರ ನಸುಕಿನಲ್ಲಿ ತುಂಬಿದ ಬ್ಯಾಟರಿಯೊಡನೆ ಹೊರಟೆವು.

ಕಾತ್ರಜ ದಾಟಿ ಖಂಬಾಟಕಿ ಘಾಟು ಏರುವಾಗ ಲೆಕ್ಕದ ಅಂಕಿ ಸರಸರನೆ ಇಳಿಯುತ್ತದೆ, ಎದೆಯೂ ಅದರೊಡನೆ. ಆದರೆ ಇಳಿಜಾರಿನಲ್ಲಿ ಚಕ್ರಗಳೇ ಮೋಟಾರನ್ನು ತಿರುಗಿಸಿ ತುಸು ವಿದ್ಯುತ್ತನ್ನು ಹಿಂದಿರುಗಿಸುತ್ತವೆ. ಕೊಟ್ಟ ಸಾಲದಲ್ಲಿ ನಾಲ್ಕಾಣೆ ಮರಳಿ ಬಂದ ಸಮಾಧಾನ. ಕರಾಡಕ್ಕೆ 160 ಕಿ.ಮೀ. ಕೃಷ್ಣೆ ಕೊಯನೆಯರು ಕೂಡುವ ಊರು. ಅಲ್ಲಿ ಶೀಘ್ರ ಚಾರ್ಜಿನ ಯಂತ್ರದ ಮುಂದೆ ತಾಸೊಂದು ನಿಂತು ಭಾಕರಿ ಬಿಚ್ಚಿ ಉಂಡೆವು. ಮಗ ಕೊಯನೆಯ ನೀರೇ ನಮ್ಮ ಗಾಡಿ ಓಡಿಸುತ್ತದೆಯೇ ಎಂದು ಕೇಳಿದ. ಕೊಯನೆಯದು 1,960 ಮೆಗಾವ್ಯಾಟಿನ ಜಲವಿದ್ಯುತ್ತು, ಸಣ್ಣದಲ್ಲ. ಆದರೆ ಮಹಾರಾಷ್ಟ್ರದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ. ಹೊಗೆ ನಮ್ಮ ಬಾಲದಿಂದ ಬಾರದು ನಿಜ, ಬೇರೆಲ್ಲೋ ಬರುತ್ತದೆ ಎಂದು ಅವನಿಗೆ ಹೇಳಿದೆವು.

ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ. ಹಳ್ಳಿ ಮುಟ್ಟಿದಾಗ ಬ್ಯಾಟರಿಯಲ್ಲಿ ನೂರಕ್ಕೆ 15 ಉಳಿದಿತ್ತು. ಪಡಸಾಲೆಯ ಗೋಡೆಗೆ ಪ್ಲಗ್ಗು ಚುಚ್ಚಿದರೆ ಕೆಂಪು ದೀಪ!

ವಾಚಕರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ: ಹುಕ್ಕೇರಿ ತಾಲೂಕಿಗೆ ವಿದ್ಯುತ್ತು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥದು ಇದೊಂದೇ. ಪುಣೆಯಲ್ಲೊಂದು ಸೊಸಾಯಿಟಿ, ಇಲ್ಲೊಂದು ಸೊಸಾಯಿಟಿ, ಎರಡರ ನಡುವೆ ನಮ್ಮ ಗಾಡಿ. ಸಾಕೆಟ್ಟಿಗೆ ವಿದ್ಯುತ್ತು ಚೆನ್ನಾಗಿಯೇ ಬರುತ್ತಿತ್ತು. ಕೆಟ್ಟದ್ದು ನಮ್ಮ ಮನೆಯ ಅಂಗಳದ್ದು. ಅಪ್ಪನ ಕಾಲಕ್ಕೆ ಹಿತ್ತಲಲ್ಲಿ ಹೂತಿದ್ದ ಕೊಳವೆಯ ತಂತಿ ತುಕ್ಕು ತಿಂದು ತುಂಡಾಗಿತ್ತು. ಇಷ್ಟು ವರ್ಷ ಅವ್ವ ಭೂಮಿಯ ತಂತಿಯೇ ಇಲ್ಲದ ಮನೆಯಲ್ಲಿ ಇಸ್ತ್ರಿ, ಮಿಕ್ಸರು ಮುಟ್ಟುತ್ತ ಬಂದಿದ್ದಳು. ಕಾರು ಬಾರದಿದ್ದರೆ ನಮಗದು ತಿಳಿಯುತ್ತಲೇ ಇರಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು.

ಊರ ವಾಯರಮನ್ ಎಮ್ಮೆ ಕರೆದು ಮುಗಿಸಿ ಬಂದ. ಬ್ಯಾಟರಿ ದೀಪದ ಬೆಳಕಿನಲ್ಲಿ ಅಗೆದು, ಹೊಸ ತಾಮ್ರದ ತಂತಿ ಬಿಗಿದು, ಇದ್ದಲು, ಉಪ್ಪು ಹಾಕಿ ನಾಲ್ಕು ಕೊಡ ನೀರು ಹೊಯ್ದ. ಸಾಕೆಟ್ಟನ್ನೂ ಬದಲಿಸಿದ. ಒಂಬತ್ತಕ್ಕೆ ದೀಪ ಹಸಿರಾಯಿತು. ಅವ್ವ ಗೋಡೆ ಹಿಡಿದು ಬಂದು, ಮಸುಕುಗಣ್ಣಿನಿಂದ ಆ ತಂತಿಯನ್ನು ದಿಟ್ಟಿಸಿ, "ಯಾಕೋ ತಮ್ಮಾ, ಗಾಡಿಗೆ ಸಲಾಯಿನ್ ಹಚ್ಚೀ ಏನು? ಮುಂಜಾನಿಗೆ ಏಳತೈತಿಲ್ಲೋ?" ಎಂದಳು.

ನಮಗೂ ಅದೇ ಚಿಂತೆ. ಹನ್ನೊಂದಕ್ಕೆ ಗುಡುಗು ಮಿಂಚು ಹಣಿಯತೊಡಗಿದಾಗ ಪ್ಲಗ್ಗು ಬಿಚ್ಚಿಟ್ಟು ಎರಡು ತಾಸು ಕತ್ತಲಲ್ಲಿ ಕೂತೆವು. ಆರಕ್ಕೆ ಎದ್ದು ನೋಡಿದರೆ 88. ಕರಾಡಕ್ಕೆ 70 ಸಾಕು. ಅವ್ವನನ್ನು ಮುಂದಿನ ಆಸನದಲ್ಲಿ ಕೂಡಿಸಿಕೊಂಡು ಹೊರಟು, ಸಂಜೆಯೊಳಗೆ ಪುಣೆ ಸೇರಿದೆವು. ಸೋಮವಾರ ಒಂದು ಕಣ್ಣು ಆಯಿತು. ಇನ್ನೊಂದು ಮುಂದಿನ ತಿಂಗಳು.

ಅಷ್ಟರಲ್ಲಿ ನಮ್ಮ ಸೊಸಾಯಿಟಿಯಲ್ಲಿ ಇನ್ನೂ ಮೂರು ಬೀಗದ ಪೆಟ್ಟಿಗೆಗಳು ಬಂದಿವೆ, ಒಂದು ಕಾರ್ಯದರ್ಶಿಗಳದೇ. ನಾಲ್ಕೂ ಗಾಡಿಗಳು ಒಂಬತ್ತು ಗಂಟೆಗೇ ಪಂಕ್ತಿಗೆ ಕೂತರೆ ಬರೀ ಅವುಗಳದ್ದೇ 12 ಕಿಲೋವ್ಯಾಟಿನ ಹೊರೆ. ಕಟ್ಟಡದ ಮುಖ್ಯ ತಂತಿ ಅದನ್ನು ತಾಳುತ್ತದೆಯೇ, ಸರದಿ ಹಚ್ಚಬೇಕೇ, ಹೊರೆ ಹೆಚ್ಚಿಸಲು ಅರ್ಜಿ ಕೊಡಬೇಕೇ ಎಂಬುದಕ್ಕೆ ಬರುವ ರವಿವಾರ ಸಭೆ ಇದೆ. ಅರ್ಜಿಯ ಕರಡು ನಮ್ಮ ಪಾಲಿಗೇ ಬಂದಿದೆ.