ಬೈಕಿಗೆ ಟರ್ಬೊ: ಕೇಳಿದವರಿಗೆಲ್ಲ ಒಂದೇ ಸಲ ಉತ್ತರ

ಎರಡು ತಿಂಗಳಿಂದ ನಮ್ಮ ತೋಟದ ಶೆಡ್ಡಿಂದ ಬರ್ತಿರೋ ಶಿಳ್ಳೆ ಸದ್ದು ಏನು ಅಂತ ಡೇರಿ ಹತ್ರ ಕೇಳದವರಿಲ್ಲ. ಹಾಲು ಹಾಕಿ ಹೋಗೋ ಗಡಿಬಿಡೀಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಟರ್ಬೊ ಇರೋ ಟ್ರ್ಯಾಕ್ಟರ್ ಇಟ್ಕೊಂಡಿರೋರು ಕೊನೇವರೆಗೂ ಓದಿ, ನಿಮಗೆ ಬೇಕಾದ್ದೂ ಇದೆ.

ತಮ್ಮನ ಮಗ ಪೇಟೇಲಿ ಗ್ಯಾರೇಜ್ ಇಟ್ಟಿರೋದು ನಿಮಗೆಲ್ಲ ಗೊತ್ತು. ಅವನಿಗೆ ಟರ್ಬೊ ಬೈಕ್ ಕಟ್ಟೋ ಆಸೆ. ಮೊದಲು ನಮ್ಮಪ್ಪನ ಯೆಜ್ಡಿ ಮೇಲೆ ಕಣ್ಣು ಹಾಕಿದ್ದ. ಅದು ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಗಾಡಿ, 1996ರಲ್ಲಿ ಆ ಫ್ಯಾಕ್ಟರೀನೇ ಮುಚ್ಚಿಹೋಯ್ತು, ಇನ್ನೊಂದು ಅಂಥದ್ದು ಸಿಗಲ್ಲ. ಮೇಲಾಗಿ ಟೂ ಸ್ಟ್ರೋಕ್. ಹೊಸ ಗಾಳಿ ಒಳಗೆ ಬರೋ ದಾರಿ, ಹೊಗೆ ಹೋಗೋ ದಾರಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರ್ತಾವೆ, ಒತ್ತಿ ತುಂಬಿದ್ದು ಆ ಕಡೆಯಿಂದ ಹೊರಟುಹೋಗುತ್ತೆ. ಅದಕ್ಕೂ ಟರ್ಬೊ ಹಾಕೋರಿದಾರೆ, ಆದರೆ ಅಪ್ಪನ ಗಾಡಿ ಮೇಲೆ ಬೇಡ ಅಂದೆ. ಆಮೇಲೆ ಸೆಕೆಂಡ್ ಹ್ಯಾಂಡಲ್ಲಿ ಎನ್‌ಫೀಲ್ಡ್ 650 ತಗೊಂಡು ಶೆಡ್ಡಿಗೆ ತಂದ.

ಟರ್ಬೊ ಅಂದ್ರೆ ಬೇರೆ ಏನೂ ಅಲ್ಲ. ಸೈಲೆನ್ಸರಿಗೆ ಹೋಗೋ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದೀಲಿರೋ ಚಕ್ರ ಗಾಳೀನ ಹಿಡಿದು ಇಂಜಿನ್ನಿಗೆ ಒತ್ತುತ್ತೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರೋದ್ರಿಂದ ಇಲ್ಲಿನ ಗಾಳೀನೇ ನೂರಕ್ಕೆ ಹತ್ತು ಪಾಲು ತೆಳು. ಹಾಗಾಗಿ ಟರ್ಬೊ ಹಾಕಿದ್ರೆ ಇಲ್ಲಿ ಗೊತ್ತಾಗೋ ಹಂಗೆ ವ್ಯತ್ಯಾಸ ಸಿಗುತ್ತೆ.

"ಟ್ರ್ಯಾಕ್ಟರಿಗೆ ಕಂಪನಿಯೋರೇ ಹಾಕಿ ಕೊಡ್ತಾರಲ್ಲ, ಬೈಕಿಗೆ ಯಾಕೆ ಇಷ್ಟು ಒದ್ದಾಟ?" ಅಂತ ಒಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ. ಡೀಸೆಲ್ ಇಂಜಿನ್ ಒತ್ತೋದು ಬರೀ ಗಾಳೀನ. ಡೀಸೆಲ್ ಕೊನೇಲಿ ಬೀಳುತ್ತೆ, ಬಿದ್ದಾಗಲೇ ಉರಿಯುತ್ತೆ. ಗಾಳಿ ಎಷ್ಟು ಜಾಸ್ತಿ ಇದ್ರೂ ಅದಕ್ಕೆ ಖುಷೀನೇ. ಪೆಟ್ರೋಲಲ್ಲಿ ಗಾಳಿ ಜೊತೆ ಪೆಟ್ರೋಲೂ ಬೆರೆತು ಒಟ್ಟಿಗೆ ಒತ್ತಿಸ್ಕೊಳ್ಳುತ್ತೆ. ಒತ್ತಿದಷ್ಟೂ ಬಿಸಿ. ಸೈಕಲ್ ಪಂಪ್ ಹೊಡೆದಾಗ ಬುಡ ಬಿಸಿಯಾಗುತ್ತಲ್ಲ, ಅದೇ. ಪ್ಲಗ್ ಹಚ್ಚಿದ ಬೆಂಕಿ ಹರಡೋ ಮೊದಲೇ ಮೂಲೇಲಿರೋ ಗಾಳಿ ಪೆಟ್ರೋಲ್ ತಾನೇ ಹೊತ್ಕೊಂಡು ಬಿಡುತ್ತೆ. ಅದೇ ನಾಕಿಂಗ್. ಸುತ್ತಿಗೇಲಿ ಬಡಿದ ಹಾಗೆ ಪಿಸ್ಟನ್ನಿಗೆ ಬೀಳುತ್ತೆ, ಮುಂದುವರಿದ್ರೆ ತೂತೇ ಬೀಳಬಹುದು. ಈ 650ದ್ದು 9.5ಕ್ಕೆ 1 ಕಂಪ್ರೆಶನ್, ಅಂದ್ರೆ ಟರ್ಬೊ ಇಲ್ಲದೇನೇ ಸಾಕಷ್ಟು ಒತ್ತುತ್ತೆ.

ಹುಡುಗ ಗುಜರಿಯಿಂದ ತಂದಿದ್ದು 1.3 ಲೀಟರ್ ಡೀಸೆಲ್ ಕಾರಿನ ಸಣ್ಣ ಟರ್ಬೊ. ಅವನ ಲೆಕ್ಕ ನನಗೆ ಹಿಡಿಸಿತು. 650 ಸಿಸಿ ಇಂಜಿನ್ 7000 ಸುತ್ತು ತಿರುಗೋದೂ, 1300 ಸಿಸಿ 3500 ಸುತ್ತು ತಿರುಗೋದೂ ಗಾಳಿ ಎಳೆಯೋದ್ರಲ್ಲಿ ಒಂದೇ. ಆದರೆ ಪೆಟ್ರೋಲ್ ಹೊಗೆ ಡೀಸೆಲ್ ಹೊಗೆಗಿಂತ ಬಹಳ ಬಿಸಿ, ಅದಕ್ಕೆ ಈ ಟರ್ಬೊ ಇಟ್ಕೊಂಡು ಫುಲ್ ಆಕ್ಸಿಲರೇಟರಲ್ಲಿ ಬಹಳ ಹೊತ್ತು ಓಡಿಸೋ ಹಂಗಿಲ್ಲ.

ಟರ್ಬೊಗೆ ಕೊಟ್ಟಿದ್ದು 7 ಸಾವಿರ. ಇದುವರೆಗೆ ಒಟ್ಟು ಆಗಿದ್ದು, ಗಾಡಿ ಬಿಟ್ಟು, 1 ಲಕ್ಷದ 20 ಸಾವಿರ. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತು ಅನ್ನೋದರಲ್ಲೇ ಈ ಕೆಲಸದ ಗುಟ್ಟಿದೆ. ಗಾಳಿ ಒತ್ತೋದು ಅಗ್ಗ. ಆ ಗಾಳಿಗೆ ತಕ್ಕ ಪೆಟ್ರೋಲು, ಆಯಿಲು, ಬೆಂಕಿ ಹೊಂದಿಸೋದಕ್ಕೇ ದುಡ್ಡು, ದಿನ ಎರಡೂ ಹೋಗೋದು.

ಮೊದಲು ಆಯಿಲ್. ಟರ್ಬೊ ಶಾಫ್ಟಿಗೆ ಬಾಲ್ ಬೇರಿಂಗ್ ಇಲ್ಲ, ಆಯಿಲ್ ಪದರದ ಮೇಲೆ ತೇಲ್ತಾ ತಿರುಗುತ್ತೆ. ಇಂಜಿನ್ನಿಂದ ಸಣ್ಣ ಪೈಪಲ್ಲಿ ಆಯಿಲ್ ಕೊಡೋದು ಸುಲಭ. ವಾಪಸ್ ಬರಿಸೋದೇ ಕಷ್ಟ, ಯಾಕಂದ್ರೆ ಆ ಕಡೆಯಿಂದ ಬರೋ ಆಯಿಲಿಗೆ ಒತ್ತಡ ಇರಲ್ಲ, ನಮ್ಮ ಗದ್ದೆ ನೀರಿನ ಹಂಗೆ ಇಳಿಜಾರಲ್ಲೇ ಹರಿದು ಬರಬೇಕು. ಬೈಕಲ್ಲಿ ಟರ್ಬೊ ಇಂಜಿನ್ ಮುಂದೆ ಕೆಳಗೆ ಕೂರುತ್ತೆ, ಚೇಂಬರಿನ ಆಯಿಲ್ ಮಟ್ಟಕ್ಕಿಂತ ಎತ್ತರ ಸಿಗಲ್ಲ. ಮೊದಲ ದಿನ ಸ್ಟಾರ್ಟ್ ಮಾಡಿದಾಗ ಶೆಡ್ ತುಂಬ ನೀಲಿ ಹೊಗೆ, ಎಮ್ಮೆಗಳು ಹಗ್ಗ ಎಳೆದಾಡಿದ್ವು. ಆಯಿಲ್ ವಾಪಸ್ ಹೋಗೋಕೆ ದಾರಿ ಇಲ್ಲದೆ ಸೀಲ್ ದಾಟಿ ಸೈಲೆನ್ಸರಿಗೆ ಇಳೀತಿತ್ತು. ಬೆಂಡ್ ಪೈಪ್ ಕತ್ತರಿಸಿ, ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಟರ್ಬೊನ ನಾಲ್ಕು ಇಂಚು ಮೇಲೆ ಎತ್ತಿ, ವಾಪಸ್ ಪೈಪನ್ನ ದಪ್ಪ ಮಾಡಿದ ಮೇಲೆ ನಿಂತಿತು. ಇದೊಂದಕ್ಕೇ ಹನ್ನೊಂದು ದಿನ.

ಆಮೇಲೆ ಪೆಟ್ರೋಲ್. ಇದನ್ನ ಡ್ರಿಪ್ ಮಾಡಿಸಿದೋರು ಬೇಗ ಹಿಡೀತೀರ. ಇಂಜೆಕ್ಟರ್ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುತ್ತೆ. ಎದುರಿಂದ ಟರ್ಬೊ 0.4 ಬಾರ್ ಒತ್ತಿದ್ರೆ ಉಳಿಯೋದು 2.6. ಅಂದ್ರೆ ಇಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಬೇಕಾದ ಹೊತ್ತಲ್ಲೇ ಕಮ್ಮಿ ಬೀಳುತ್ತೆ! ಅದಕ್ಕೆ ಗಾಳಿ ಒತ್ತಡ ಏರಿದಷ್ಟೇ ಪೆಟ್ರೋಲ್ ಒತ್ತಡಾನೂ ಏರಿಸೋ ರೆಗ್ಯುಲೇಟರ್ ಹಾಕಬೇಕು. ಕಂಪನಿ ಕಂಪ್ಯೂಟರಿಗೆ ಹೊರಗಿನ ಗಾಳಿಗಿಂತ ಜಾಸ್ತಿ ಒತ್ತಡ ಇರಬಹುದು ಅನ್ನೋದೇ ಗೊತ್ತಿಲ್ಲ, ಅದನ್ನ ತೆಗೆದು ನಾವೇ ಲೆಕ್ಕ ತುಂಬೋ ಕಂಪ್ಯೂಟರ್ ಹಾಕಿದ್ವಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಗ್ರಾಂ ಗಾಳಿ ಬೇಕು. ಟರ್ಬೊ ಒತ್ತುವಾಗ ಅದನ್ನ 12ರ ಹತ್ರ ಇಡಬೇಕು, ಆ ಹೆಚ್ಚಿನ ಪೆಟ್ರೋಲ್ ಒಳಗೆ ತಂಪು ಮಾಡುತ್ತೆ. ಕಿಡಿ ಕೊಡೋ ಹೊತ್ತನ್ನೂ ಹಿಂದಕ್ಕೆ ತಳ್ಳಬೇಕು, ಒಂದು ಪಿಎಸ್‌ಐಗೆ ಸುಮಾರು ಒಂದು ಡಿಗ್ರಿ ಅಂತ ಶುರು ಮಾಡ್ತಾರೆ. ಕ್ಲಚ್ ಸ್ಪ್ರಿಂಗೂ ಬಿಗಿ ಮಾಡಿಸಬೇಕಾಯ್ತು, ಹಳೇದು ಜಾರ್ತಿತ್ತು.

ಒತ್ತಡ ಮಿತಿ ಮೀರದಂಗೆ ನೋಡ್ಕೊಳ್ಳೋದು ವೇಸ್ಟ್‌ಗೇಟ್. ಅದು ಕೆರೆ ಕೋಡಿ ಇದ್ದಂಗೆ. ಮಟ್ಟ ಮುಟ್ಟಿದ ಕೂಡ್ಲೇ ಹೆಚ್ಚಿನ ಹೊಗೆ ಟರ್ಬೊ ಚಕ್ರಕ್ಕೆ ತಾಗದೆ ಪಕ್ಕದಿಂದ ಹೊರಟುಹೋಗುತ್ತೆ. ಅದರ ಸ್ಪ್ರಿಂಗ್ ಎಷ್ಟು ಗಟ್ಟಿಯೋ ಕೋಡಿ ಅಷ್ಟು ಎತ್ತರ. ನಮ್ಮದು 0.35 ಬಾರಿನದು. ಹುಡುಗ ಅದರ ಮಧ್ಯೆ ಒಂದು ತಿರುಗಿಸೋ ಸ್ಕ್ರೂ ಹಾಕಿದ್ದ, ಕೋಡಿಗೆ ಮರಳಿನ ಮೂಟೆ ಇಟ್ಟ ಹಾಗೆ. "ದೊಡ್ಡಪ್ಪ, 0.8 ಕೊಟ್ರೂ ತಡೆಯುತ್ತೆ, ಅಲ್ಲೆಲ್ಲ ಕೊಡ್ತಾರೆ" ಅಂತಿದ್ದ. ಅಲ್ಲಿ ಕೊಡೋರು ಪಿಸ್ಟನ್ನೇ ಬೇರೆ ಹಾಕಿರ್ತಾರೆ.

ಬೆಂಗಳೂರಲ್ಲಿ ಡೈನೋ ಮೇಲೆ ಹತ್ತಿಸಿದ್ವಿ. ಹಿಂದಿನ ಚಕ್ರ ರೋಲರ್ ಮೇಲೆ ತಿರುಗುತ್ತೆ, ಎಷ್ಟು ಹೆಚ್‌ಪಿ ಅಂತ ಕಂಪ್ಯೂಟರ್ ತೋರಿಸುತ್ತೆ. ಟರ್ಬೊ ಹಾಕೋ ಮೊದಲು ಇದೇ ಜಾಗದಲ್ಲಿ 40 ಬಂದಿತ್ತು. ತಾಮ್ರದ ಪೈಪಿನ ತುದಿ ಚಪ್ಪಟೆ ಮಾಡಿ ಇಂಜಿನ್ ಬೋಲ್ಟಿಗೆ ಕಚ್ಚಿಸಿ, ಇನ್ನೊಂದು ತುದಿಗೆ ಉದ್ದದ ರಬ್ಬರ್ ಪೈಪ್ ಹಾಕಿ ಕಿವಿಗೆ ಇಟ್ಕೊಂಡು ನಾನು ಆಚೆ ಕೂತೆ. 0.35ರಲ್ಲಿ 53 ತೋರಿಸಿತು, ಸದ್ದು ನಯ. 0.4, ಅದೂ ಸರಿ. 0.5ಕ್ಕೆ ಏರಿಸಿದಾಗ 5000 ಸುತ್ತಿನ ಹತ್ರ ತಗಡಿನ ಡಬ್ಬೀಲಿ ಕಡ್ಲೆಕಾಳು ಅಲ್ಲಾಡಿಸಿದ ಹಾಗೆ ಕೇಳಿಸಿತು. ಕೈ ಎತ್ತಿದೆ, ಅವನು ಆಫ್ ಮಾಡಿದ. ಪರದೆ ಮೇಲೆ ಹೆಚ್‌ಪಿ ಇನ್ನೂ ಏರ್ತಾನೇ ಇತ್ತು, ಅದಕ್ಕೆ ಅವನಿಗೆ ನಂಬಿಕೆ ಬರಲಿಲ್ಲ. ಪೈಪನ್ನ ಅವನ ಕಿವಿಗೇ ಕೊಟ್ಟು ಇನ್ನೊಂದು ಸಲ ಮಾಡಿಸಿದೆ. ಅವನ ಮುಖ ಬಿಳಿಚ್ಕೊಂಡಿತು. ಆ ಸ್ಕ್ರೂ ಈಗ ನಮ್ಮ ಮನೆ ಬೀರುವಲ್ಲಿದೆ.

ಅದಕ್ಕಿಂತ ದೊಡ್ಡ ಜಗಳ ರೋಡಿನ ವಿಷಯಕ್ಕೆ ಆಯ್ತು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸೋ ಹಂಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5 ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಕಟ್ಟಬಹುದು ಬಿಡಿ. ಆದರೆ ರೋಡಲ್ಲಿ ಯಾರಿಗಾದ್ರೂ ತಾಗಿಸಿದ್ರೆ, ಗಾಡಿ ಬದಲಾಯಿಸಿದೀರಿ ಅಂತ ಇನ್ಶೂರೆನ್ಸಿನೋರು ಕೈ ಎತ್ತಿದ್ರೆ, ಪರಿಹಾರ ಕೊಡೋದು ಯಾರು? ಅವನ ಪಾಲಿಗೆ ಬರೋದು ಎರಡೂವರೆ ಎಕರೆ. ಅದರಲ್ಲಿ ಅವನ ತಂಗಿ ಮದುವೇನೂ ಇದೆ. ಇದನ್ನ ಹೇಳಿದ್ದಕ್ಕೆ ಎರಡು ದಿನ ಶೆಡ್ ಕಡೆ ಬರಲಿಲ್ಲ. ಮೂರನೇ ದಿನ ಅವನೇ ಬಂದು ನಂಬರ್ ಪ್ಲೇಟ್ ಬಿಚ್ಚಿ ಗೋಡೆಗೆ ನೇತು ಹಾಕಿದ. ಇನ್ನು ಮೇಲೆ ಪಿಕಪ್ಪಲ್ಲಿ ಹಾಕ್ಕೊಂಡು ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗೋದು, ಅಲ್ಲೇ ಓಡಿಸೋದು ಅಂತ ಮಾತಾಗಿದೆ. ರೋಡಲ್ಲಿ ನೋಡಿದ್ರೆ ನನಗೆ ಫೋನ್ ಮಾಡಿ.

ಓಡಿಸೋದೂ ಸುಲಭ ಅಲ್ಲ. ಆಕ್ಸಿಲರೇಟರ್ ಕೊಟ್ಟ ಮೇಲೆ ಸ್ವಲ್ಪ ತಡವಾಗಿ, ಒಂದೇ ಸಲ ಎಳೆಯುತ್ತೆ. ತಿರುವಲ್ಲಿ ಬಾಗಿದಾಗ ಹಾಗೆ ಎಳೆದ್ರೆ ಹಿಂದಿನ ಚಕ್ರ ಜಾರುತ್ತೆ. 1982ರಿಂದ 85ರ ಒಳಗೆ ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ನಾಲ್ಕೂ ಕಂಪನಿ ಟರ್ಬೊ ಬೈಕ್ ಮಾಡಿ ಮಾರಿ ನೋಡಿದ್ವು, ನಾಲ್ಕೂ ಬೇಗನೆ ನಿಲ್ಲಿಸಿದ್ವು. ಕವಾಸಾಕಿಯೋರು ಟರ್ಬೊನ ಇಂಜಿನ್ ಮುಂದೆ, ಹೊಗೆ ಬರೋ ಬಾಯಿಗೆ ಹತ್ರಾನೇ ಇಟ್ಟಿದ್ದರಿಂದ ತಡ ಕಮ್ಮಿ ಇತ್ತು. ನಮ್ಮದೂ ಹಾಗೇ ಇದೆ, ಆದರೂ ತಡ ಇದ್ದೇ ಇದೆ.

ಇನ್ನು ಟ್ರ್ಯಾಕ್ಟರಿನೋರಿಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡಬೇಡಿ, ಆಯಿಲ್ ಟರ್ಬೊಗೆ ಮುಟ್ಟಲಿ. ರೋಟವೇಟರ್ ಹೊಡೆದು ಬಂದ ಕೂಡ್ಲೇ ಆಫ್ ಮಾಡಬೇಡಿ, ಎರಡು ಮೂರು ನಿಮಿಷ ನಿಧಾನಕ್ಕೆ ತಿರುಗಲಿ. ಇಲ್ಲದಿದ್ರೆ ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ಏರ್ ಫಿಲ್ಟರ್ ಪೈಪ್ ಹರಿದಿದ್ರೆ ಇವತ್ತೇ ಬದಲಾಯಿಸಿ, ಅಷ್ಟು ಸ್ಪೀಡಲ್ಲಿ ತಿರುಗೋ ರೆಕ್ಕೆಗೆ ಧೂಳು ಮರಳು ಕಾಗದದ ಹಂಗೆ. ಅನುಮಾನ ಬಂದ್ರೆ ಇಂಜಿನ್ ತಣ್ಣಗಿರುವಾಗ ಫಿಲ್ಟರ್ ಕಡೆ ಪೈಪ್ ಬಿಚ್ಚಿ ಚಕ್ರದ ನಟ್ಟನ್ನ ಬೆರಳಲ್ಲಿ ಅಲ್ಲಾಡಿಸಿ. ಅಡ್ಡಕ್ಕೆ ಚೂರು ಅಲುಗಿದ್ರೆ ಪರವಾಗಿಲ್ಲ. ಒಳಗೆ ಹೊರಗೆ ಆಡಿದ್ರೆ, ರೆಕ್ಕೆ ಗೋಡೆಗೆ ತಾಗಿದ ಗುರುತಿದ್ರೆ, ಓಡಿಸಬೇಡಿ. ಹುಡುಗ ಭಾನುವಾರ ಶೆಡ್ಡಲ್ಲಿರ್ತಾನೆ, ತಂದ್ರೆ ನೋಡಿ ಹೇಳ್ತಾನೆ.