ಇನ್ನೊಮ್ಮೆ ಹೇಳಿ

ನಮ್ಮ ತಂದೆಯವರಿಗೆ ಮಾನ್ವಿಯಲ್ಲಿ ಭತ್ತದ ವ್ಯಾಪಾರವಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆ ಸೀಮೆಯಲ್ಲಿ ಭತ್ತದ ಬೆಳೆ ಹೆಚ್ಚಿತು. ಅದರೊಡನೆ ರಾಯಚೂರಿನ ಅಡತಿ ಅಂಗಡಿಗಳೊಂದಿಗೆ ನಮ್ಮ ಮನೆತನದ ನಂಟೂ ಬೆಳೆಯಿತು. ಅಂಗಡಿಯ ಮೂಲೆಯಲ್ಲಿ ಒಂದು ಕರಿಯ ದೂರವಾಣಿ. ಟ್ರಂಕ್ ಕರೆ ಬಂದಿತೆಂದರೆ ತಕ್ಕಡಿ ನಿಲ್ಲಬೇಕು, ಹಮಾಲರೂ ಸದ್ದಡಗಿಸಬೇಕು. ಒಮ್ಮೆ ರಾಯಚೂರಿನವರು ‘ಎಂಬತ್ತು ಚೀಲ ಕಳಿಸಿರಿ’ ಎಂದರು. ನಮ್ಮ ಗುಮಾಸ್ತರ ಕಿವಿಗೆ ಅದು ‘ಎಪ್ಪತ್ತು’ ಎಂದು ಬಿದ್ದಿತು. ಲಾರಿ ಹೋಯಿತು, ಹತ್ತು ಚೀಲ ಉಳಿಯಿತು, ಮಾತಿಗೆ ಮಾತು ಬೆಳೆಯಿತು.

“ಸರಿಯಾಗಿ ಕೇಳಿಸದಿದ್ದರೆ ಇನ್ನೊಮ್ಮೆ ಕೇಳಬಾರದಾಗಿತ್ತೆ?” ಎಂದು ತಂದೆಯವರು ಗದರಿದರು.

“ಸಾಹುಕಾರರನ್ನು ಎರಡೆರಡು ಸಲ ಕೇಳೋದು ಹೇಗ್ರಿ?” ಎಂದು ಗುಮಾಸ್ತರು ತಲೆ ತಗ್ಗಿಸಿದರು.

ಹತ್ತು ಚೀಲ ಭತ್ತದೊಡನೆ ಮುಗಿದ ಆ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. ಅದು ನನಗೆ ಮತ್ತೆ ನೆನಪಾದುದು ಆಕಾಶದಲ್ಲಿ.

ತಾರುಣ್ಯದಲ್ಲಿ ನನಗೆ ವಿಮಾನ ನಡೆಸುವ ಹುಚ್ಚು ಹಿಡಿಯಿತು. ಭತ್ತದ ಅಂಗಡಿಯ ಹುಡುಗನಿಗೆ ಈ ಹುಚ್ಚು ಎಲ್ಲಿಂದ ಬಂದಿತೆಂದು ಬಂಧುಗಳು ಈಗಲೂ ಕೇಳುವುದುಂಟು. ಉತ್ತರ ನನಗೂ ತಿಳಿಯದು. ನಾನು ಕಲಿತದ್ದು ಊರಿನಿಂದ ಬಹುದೂರದ ಒಂದು ಸಣ್ಣ ವಿಮಾನ ಮೈದಾನದಲ್ಲಿ. ಅಲ್ಲಿ ಎತ್ತರದ ನಿಯಂತ್ರಣ ಗೋಪುರವಿರಲಿಲ್ಲ. ಯಾರು ಎಲ್ಲಿದ್ದಾರೆ, ಎತ್ತ ಹೊರಟಿದ್ದಾರೆ ಎಂಬುದನ್ನು ಹಾರುವವರೇ ರೇಡಿಯೋದಲ್ಲಿ ಒಬ್ಬರಿಗೊಬ್ಬರು ತಿಳಿಸಬೇಕಾಗಿತ್ತು.

ಈ ರೇಡಿಯೋ ದೂರವಾಣಿಯಂತಲ್ಲ. ಗುಂಡಿಯನ್ನು ಒತ್ತಿ ಹಿಡಿದಾಗ ಮಾತನಾಡಬಹುದು. ಬಿಟ್ಟಾಗ ಮಾತ್ರ ಕೇಳಬಹುದು. ಇಬ್ಬರು ಏಕಕಾಲದಲ್ಲಿ ಒತ್ತಿದರೆ ಕೇಳುವವರಿಗೆ ಕರ್ಕಶವಾದ ಕೀರಲು ಧ್ವನಿಯೇ ಹೊರತು ಇಬ್ಬರ ಮಾತೂ ದಕ್ಕುವುದಿಲ್ಲ. ಮಾತನಾಡಿದವರಿಗಾದರೋ ತಮ್ಮ ಮಾತು ಮುಟ್ಟಿತೆಂಬ ಭ್ರಮೆ ಉಳಿಯುತ್ತದೆ. ಅಂಕಿಗಳನ್ನು ಉಚ್ಚರಿಸುವುದಕ್ಕೂ ಒಂದು ಕಟ್ಟಳೆಯಿದೆ. ಇಂಗ್ಲಿಷಿನ ‘ಫೈವ್’ ಮತ್ತು ‘ನೈನ್’ ಗದ್ದಲದಲ್ಲಿ ಒಂದರಂತೆ ಇನ್ನೊಂದು ಕೇಳಿಸುತ್ತವೆಂದು ಅವನ್ನು ‘ಫೈಫ್’, ‘ನೈನರ್’ ಎಂದು ಹೇಳಬೇಕು. ನಮ್ಮ ಗುಮಾಸ್ತರ ಎಪ್ಪತ್ತು ಎಂಬತ್ತುಗಳ ಸಂಕಟ ಆ ಭಾಷೆಯವರಿಗೂ ಇದೆಯಲ್ಲ ಎಂದು ನಾನು ಆಗ ನಕ್ಕಿದ್ದೆ.

ರನ್‌ವೇಗೆ ಹೆಸರಿಡುವುದು ದಿಕ್ಸೂಚಿಯ ಅಂಶಗಳಿಂದ. ನಮ್ಮ ಮೈದಾನದ ರನ್‌ವೇ ಪೂರ್ವ ಪಶ್ಚಿಮವಾಗಿ ಚಾಚಿತ್ತು. ಪೂರ್ವಕ್ಕೆ ಮುಖಮಾಡಿ ಇಳಿದರೆ ಅದು 09, ಪಶ್ಚಿಮಕ್ಕೆ ಮುಖಮಾಡಿ ಇಳಿದರೆ 27. ಗಾಳಿಗೆ ಎದುರಾಗಿಯೇ ಇಳಿಯಬೇಕಾದುದರಿಂದ ಗಾಳಿ ತಿರುಗಿದರೆ ಹೆಸರೂ ತಿರುಗುತ್ತದೆ. ಹಲವು ವಾರ ಪಡುವಣ ಗಾಳಿ ಬೀಸಿ, 27, 27 ಎಂದು ಹೇಳಿ ಹೇಳಿ ನನ್ನ ನಾಲಿಗೆ ಅದಕ್ಕೆ ಒಗ್ಗಿಹೋಗಿತ್ತು.

ಒಂದು ಬೆಳಿಗ್ಗೆ ಗಾಳಿ ಮೂಡಣದಿಂದ ಬೀಸುತ್ತಿತ್ತು. ನಾನು ಒಬ್ಬನೇ ಹಾರಿ ಹಿಂದಿರುಗುತ್ತಿದ್ದೆ. ಗಾಳಿಯನ್ನು ಗಮನಿಸಿದ್ದೆ, ವಿಮಾನವನ್ನು ಸರಿಯಾಗಿಯೇ ಪಶ್ಚಿಮದ ತುದಿಗೆ ತಂದಿದ್ದೆ. ಕೈ ತಪ್ಪಲಿಲ್ಲ, ಕಣ್ಣು ತಪ್ಪಲಿಲ್ಲ, ನಾಲಿಗೆ ತಪ್ಪಿತು. ‘27ಕ್ಕೆ ಇಳಿಯುತ್ತಿದ್ದೇನೆ’ ಎಂದು ರೇಡಿಯೋದಲ್ಲಿ ಸಾರಿದೆ. ಅದೇ ಪಶ್ಚಿಮದ ತುದಿಯಲ್ಲಿ ನನ್ನ ಸಹಪಾಠಿಯೊಬ್ಬ ಹಾರಲು ಸಿದ್ಧನಾಗಿ ಕಾದಿದ್ದ. ನನ್ನ ಮಾತನ್ನು ಕೇಳಿ ಅವನು ಪೂರ್ವದ ಕಡೆಗೆ ನೋಡಿದ. ಆಕಾಶ ಬರಿದಾಗಿತ್ತು. ನಾನಿನ್ನೂ ಬಹಳ ದೂರವಿರಬೇಕೆಂದುಕೊಂಡು ರನ್‌ವೇಯೊಳಗೆ ಬಂದು ನಿಂತ. ಹಾಗೆ ಬರುವಾಗ ಅವನೂ ಸಾರಿದ್ದನಂತೆ. ಅದೇ ಗಳಿಗೆಯಲ್ಲಿ ನಾನೂ ಗುಂಡಿ ಒತ್ತಿದ್ದೆ. ಇಬ್ಬರಿಗೂ ಏನೂ ಕೇಳಿಸಲಿಲ್ಲ.

ತಗ್ಗಿಗಿಳಿದ ಮೇಲೆ ನನ್ನ ಮುಂದೆ ಕಂಡುದು ಒಂದು ವಿಮಾನದ ಬೆನ್ನು. ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು, ಬಲಕ್ಕೆ ಸರಿದು ಮೇಲೇರಿದೆ. ಅವನ ತಲೆಯ ಮೇಲೆ ನನ್ನ ನೆರಳು ಹಾದುಹೋದಾಗಲೇ ಅವನಿಗೆ ನಾನಿದ್ದೇನೆಂದು ತಿಳಿದದ್ದು.

ಇಳಿದ ಮೇಲೆ ನಾನು 09 ಎಂದೇ ಹೇಳಿದೆನೆಂದು ಹಟ ಹಿಡಿದು ವಾದಿಸಿದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ಹಾಗೆಂದೇ ನಂಬಿದ್ದೆ. ಕೆಳಗಿದ್ದ ಮೂವರು ಬೇರೆ ಬೇರೆಯಾಗಿ 27 ಎಂದಾಗ ನನ್ನ ಬಾಯಿ ಒಣಗಿತು. ಬೋಧಕರು ನನ್ನನ್ನು ಹೆಚ್ಚು ಬೈಯಲಿಲ್ಲ. ನನ್ನ ಸಹಪಾಠಿಯ ಕಡೆ ತಿರುಗಿ, “ಗಾಳಿ ಪೂರ್ವದಿಂದ ಬೀಸುತ್ತಿರುವಾಗ ಇವನು 27 ಎಂದರೆ ನಿನಗೆ ಸಂಶಯ ಬರಲಿಲ್ಲವೆ?” ಎಂದರು.

“ಬಂತು ಸಾರ್. ಇವರು ನನಗಿಂತ ಮೊದಲು ಸೇರಿದವರು. ಕೇಳಿದರೆ ಏನೆಂದುಕೊಳ್ಳುವರೋ ಎಂದು ಸುಮ್ಮನಾದೆ.”

ನಮ್ಮ ಗುಮಾಸ್ತರೇ ಎದುರಿಗೆ ನಿಂತಂತಾಯಿತು.

ಇದು ಎಳೆಯರ ಸಂಕೋಚ ಮಾತ್ರವಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫೆ ದ್ವೀಪದಲ್ಲಿ, ಮಂಜು ಕವಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಮಡಿದರು. ‘ನಾವಿನ್ನೂ ರನ್‌ವೇಯಲ್ಲಿದ್ದೇವೆ’ ಎಂಬ ಎಚ್ಚರಿಕೆ ನಿಯಂತ್ರಕರ ಮಾತಿನೊಡನೆ ಬೆರೆತು ಕೀರಲು ಧ್ವನಿಯಾಗಿಬಿಟ್ಟಿತ್ತು. ಹಾರಲು ಹೊರಟ ವಿಮಾನದ ಎಂಜಿನಿಯರನಿಗೆ ಸಂಶಯ ಬಂದು, ಎದುರಿನ ವಿಮಾನ ಸರಿದಿಲ್ಲವೆ ಎಂದು ಕೇಳಿದನು. ಹಿರಿಯ ಕ್ಯಾಪ್ಟನ್ ಸರಿದಿದೆಯೆಂದು ದೃಢವಾಗಿ ಹೇಳಿದನು. ಎಂಜಿನಿಯರನು ಮತ್ತೆ ಕೇಳಲಿಲ್ಲ. ನಮ್ಮ ದೇಶದಲ್ಲಿಯೇ 1996ರ ನವೆಂಬರ್ 12ರಂದು, ಹರಿಯಾಣದ ಚರ್ಖಿ ದಾದ್ರಿಯ ಮೇಲೆ, 15,000 ಅಡಿ ಎತ್ತರದಲ್ಲಿ ಇರಬೇಕಾಗಿದ್ದ ವಿಮಾನವೊಂದು ಅದಕ್ಕಿಂತ ಕೆಳಗಿಳಿದು ಇನ್ನೊಂದಕ್ಕೆ ಬಡಿಯಿತು. 349 ಜನ ಸತ್ತರು. ನಿಯಂತ್ರಕರ ಇಂಗ್ಲಿಷ್ ಮಾತನ್ನು ಆ ವಿಮಾನದ ಸಿಬ್ಬಂದಿ ಸರಿಯಾಗಿ ಗ್ರಹಿಸದಿದ್ದುದೂ ಕಾರಣಗಳಲ್ಲೊಂದೆಂದು ವಿಚಾರಣೆಯಲ್ಲಿ ಕಂಡುಬಂದಿತು. ಕೇಳಿದ ಆಜ್ಞೆಯನ್ನು ಕೇಳಿದವರೇ ತಿರುಗಿ ಒಪ್ಪಿಸಬೇಕೆಂಬ ನಿಯಮ ವಿಮಾನಗಳವರಿಗೆ ಏಕೆ ಅಷ್ಟು ಕಟ್ಟುನಿಟ್ಟು ಎಂಬುದು ಇಂತಹವುಗಳಿಂದ ತಿಳಿಯುತ್ತದೆ.

ವಿಮಾನ ನಡೆಸುವುದನ್ನು ನಾನು ಬಿಟ್ಟು ಬಹುಕಾಲವಾಯಿತು. ಒಪ್ಪಿಸುವ ಚಾಳಿ ಮಾತ್ರ ಬಿಟ್ಟಿಲ್ಲ. ಮನೆಯವರಿಗೆ ಇದೊಂದು ನಗೆಯ ವಿಷಯ. 2019ರ ಆಗಸ್ಟಿನಲ್ಲಿ ನಾರಾಯಣಪುರದ ಜಲಾಶಯದಿಂದ ಕೃಷ್ಣೆಗೆ ಅಪಾರವಾದ ನೀರು ಬಿಟ್ಟಾಗ ದೇವದುರ್ಗದ ಬಳಿಯ ಹೂವಿನಹೆಡಗಿ ಸೇತುವೆ ಮುಳುಗಿತು. ದೇವದುರ್ಗದಲ್ಲಿದ್ದ ಅಕ್ಕನ ಮಗ ಅದೇ ದಾರಿಯಲ್ಲಿ ಶಹಾಪುರಕ್ಕೆ ಹೊರಟಿದ್ದನೆಂದು ತಿಳಿದು ರಾಯಚೂರಿನಿಂದ ಮೊಬೈಲಿನಲ್ಲಿ ಕರೆದೆ. ಮಳೆಗೆ ಮಾತು ತುಂಡುತುಂಡಾಗುತ್ತಿತ್ತು.

“ಸೇತುವೆ ಮುಳುಗಿದೆ. ನೀರು ಇಳಿದ ಮೇಲೆ ಹೋಗು” ಎಂದೆ.

“ಆಯ್ತು ಮಾಮ.”

“ಏನು ಆಯ್ತು? ನಾನು ಹೇಳಿದ್ದನ್ನು ಹೇಳು.”

ಅವನು ನಕ್ಕ. “ನೀರು ಇಳಿದದ, ಹೋಗು ಅಂದ್ರಿ.”

ನಾನು ಒಂದೊಂದೇ ಪದವನ್ನು ಬಿಡಿಸಿ ಮತ್ತೆ ಹೇಳಿದೆ. ಈ ಸಲ ಅವನು ನಗಲಿಲ್ಲ. ಕೇಳಿದುದನ್ನು ಪೂರ್ತಿಯಾಗಿ ಒಪ್ಪಿಸಿದ. ಆಮೇಲೆ ಬೈಕನ್ನು ಅಂಗಳದೊಳಕ್ಕೆ ತಳ್ಳುವ ಸದ್ದು ಕೇಳಿಸಿತು.