ಹತ್ತು ರೂಪಾಯಿಯ ರಸೀದಿ

ನಮ್ಮ ಮನೆಯ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಒಂದು ರಸೀದಿಯಿದೆ. ಹತ್ತು ರೂಪಾಯಿಯದು. ಮಡಿಸಿದ ಕಡೆ ಹರಿದಿದೆ, ಶಾಯಿ ಮಾಸಿದೆ. ಅವ್ವನಿಗೆ ಓದು ಬಾರದು. ಆದರೂ ಆ ಚೀಟಿಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ.

ಅದು 2014ರ ಏಪ್ರಿಲ್. ನಾನು ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಹಿಂದೆ ನಮ್ಮ ಗಲ್ಲಿ. ಒಬ್ಬರ ಮನೆಯ ಗೋಡೆಯೇ ಪಕ್ಕದವರಿಗೂ ಗೋಡೆ. ಅಪ್ಪ ಯಾರ್ಡಿನಲ್ಲಿ ಹಮಾಲಿ. ಈರುಳ್ಳಿ, ಆಲೂಗಡ್ಡೆ ಮೂಟೆ ಹೊತ್ತು ಹೊತ್ತು ಅವನ ಕುತ್ತಿಗೆಯ ಹಿಂದೆ ಎತ್ತಿನ ಹೆಗಲಿನ ಹಾಗೆ ದಡ್ಡುಗಟ್ಟಿತ್ತು. ಅವ್ವ ಗುತ್ತಿಗೆಯ ಮೇಲೆ ರಸ್ತೆ ಗುಡಿಸುವವಳು. ಕೋಳಿ ಕೂಗುವ ಮುಂಚೆ ಮತ್ತೀಕೆರೆಯ ಕಡೆ ಹೋಗಿಬಿಡುತ್ತಿದ್ದಳು.

ಲೋಕಸಭೆಯ ಚುನಾವಣೆ. ಬೆಂಗಳೂರು ಉತ್ತರದಿಂದ ಆಮ್ ಆದ್ಮಿ ಪಕ್ಷದ ಉಮೇದುವಾರರಾಗಿ ಬಾಬು ಮ್ಯಾಥ್ಯೂ ನಿಂತಿದ್ದರು. ಕಾರ್ಮಿಕ ಸಂಘಟನೆಯಲ್ಲಿ ದುಡಿದವರು, ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಾನೂನು ಕಲಿಸಿದ ಪ್ರಾಧ್ಯಾಪಕರು. ಗೆಲ್ಲುತ್ತಾರೆಂದು ನಮ್ಮ ಗಲ್ಲಿಯಲ್ಲಿ ಯಾರೂ ನಂಬಿರಲಿಲ್ಲ. ಅವರನ್ನು ನಾವು ನೋಡಲೂ ಇಲ್ಲ. ಅವರ ಪರವಾಗಿ ಇಬ್ಬರು ಹುಡುಗರು ಬಂದರು. ತಲೆಗೆ ಟೋಪಿ, ಕೈಯಲ್ಲಿ ಕರಪತ್ರ, ಬಗಲಲ್ಲಿ ರಸೀದಿ ಪುಸ್ತಕ. "ಓಟೂ ಕೊಡಿ, ಒಂದು ನೋಟೂ ಕೊಡಿ" ಅಂದರು.

ಗಲ್ಲಿಗೆ ಗಲ್ಲಿಯೇ ನಕ್ಕಿತು. "ಅಯ್ಯೋ ಮಗಾ, ಓಟ್ ಕೇಳೋರು ಕೊಡಾಕ್ ಬತ್ತಾರೆ. ನೀವು ಇಸ್ಕೊಳ್ಳಾಕ್ ಬಂದಿದ್ದೀರಲ್ಲಪ್ಪಾ!" ಅಂದಳು ಪಕ್ಕದ ಮನೆಯ ಅಜ್ಜಿ.

ಅವ್ವನ ಕಣ್ಣು ಕರಪತ್ರದ ಗುರುತಿನ ಮೇಲಿತ್ತು. ಪೊರಕೆ. "ಇದ್ನ ನಾನು ದಿನಾ ಹಿಡೀತೀನಿ. ನೀವು ಎಷ್ಟ್ ದಿನ ಹಿಡೀತೀರಿ?" ಎಂದು ಕೇಳಿದಳು. ಜಾತಿಯ ಕಾರಣಕ್ಕೆ ನಮ್ಮ ಕೈಗೆ ಬಂದ ಪೊರಕೆ ಅವರಿಗೆ ಬರಿಯ ಗುರುತಾಗಿತ್ತು. ಹುಡುಗರಿಗೆ ಉತ್ತರ ಹೊಳೆಯಲಿಲ್ಲ. ಒಬ್ಬ ತಲೆ ತಗ್ಗಿಸಿ ನಿಂತ. ಭಾಷಣ ಬಿಗಿದಿದ್ದರೆ ಅವ್ವ ಕಳಿಸಿಬಿಡುತ್ತಿದ್ದಳೇನೋ. ಸೊಂಟದ ಎಲಡಿಕೆ ಚೀಲ ಬಿಚ್ಚಿ ಹತ್ತು ರೂಪಾಯಿ ಕೊಟ್ಟಳು. ಅವನು ಹೆಸರು ಕೇಳಿ ರಸೀದಿ ಬರೆದ.

ನಮ್ಮ ಮನೆಯವರ ಹೆಸರು ಕಾಗದದ ಮೇಲೆ ಬಂದದ್ದೆಲ್ಲ ಈಸಿಕೊಂಡವರ ಸಾಲಿನಲ್ಲಿ. ಅಕ್ಕಿ, ಸೀಮೆಎಣ್ಣೆ, ಸ್ಕಾಲರ್‌ಶಿಪ್, ಕೈಸಾಲ. ಕೊಟ್ಟವರ ಸಾಲಿನಲ್ಲಿ ಬಂದದ್ದು ಅದೇ ಮೊದಲು.

ಓಟಿನ ಹಿಂದಿನ ರಾತ್ರಿ, ಏಪ್ರಿಲ್ 16ರಂದು, ಇನ್ಯಾರೋ ಬಂದರು. ಯಾವ ಕಡೆಯವರೆಂದು ಬರೆಯುವುದಿಲ್ಲ. ಆ ರಾತ್ರಿ ಬರುವವರ ಮುಖ ಎಲ್ಲ ಊರಲ್ಲೂ ಒಂದೇ. ಮತದಾರರ ಪಟ್ಟಿ ಹಿಡಿದು ತಲೆ ಎಣಿಸಿ, ತಲೆಗೆ ಐನೂರರಂತೆ ಕೊಟ್ಟರು. ಅವ್ವ ಅದನ್ನೂ ತಗೊಂಡಳು. ಅಂಗಡಿಯ ಸಾಲ ತೀರಿತು, ನನಗೆ ಹತ್ತನೇ ಕ್ಲಾಸಿನ ನೋಟ್ಸು ಬಂತು. ಆ ದುಡ್ಡಿಗೆ ರಸೀದಿ ಇರಲಿಲ್ಲ. ಮಾರನೆಯ ದಿನ ಅವಳು ಓಟು ಯಾರಿಗೆ ಹಾಕಿದಳೋ, ಇವತ್ತಿಗೂ ಹೇಳಿಲ್ಲ.

ಡಿ.ವಿ. ಸದಾನಂದಗೌಡರು ಗೆದ್ದರು. ಬಾಬು ಮ್ಯಾಥ್ಯೂ ಅವರಿಗೆ ಠೇವಣಿಯೂ ಉಳಿಯಲಿಲ್ಲ. "ಹೋಯ್ತಲ್ಲ ನಿನ್ನ ಹತ್ತು ರೂಪಾಯಿ" ಎಂದು ಅಪ್ಪ ಕಿಚಾಯಿಸಿದ. "ಹೋದ್ರೆ ಹೋಗ್ಲಿ ಬಿಡು. ಅದು ನನ್ ದುಡ್ಡು" ಅಂದಳು ಅವ್ವ.

ಗೆಳೆಯರೇ, ಇದನ್ನು ನಾನು ಹೆಮ್ಮೆಯಿಂದ ಬರೆಯುತ್ತಿಲ್ಲ. ನಾಚಿಕೆಯಿಂದ ಬರೆಯುತ್ತಿದ್ದೇನೆ. 2023ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ನಾನು ಬಿ.ಎ. ಮುಗಿಸಿದ್ದೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಒಂದೆರಡು ಪದ್ಯ ಅಚ್ಚಾಗಿದ್ದವು. ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಅಪ್ಪ ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಮತ ಅನ್ನುವುದು ಮನೆಮಗಳಿದ್ದ ಹಾಗೆ, ಮಾರಿಕೊಳ್ಳಬಾರದು ಎಂಬ ಗೋಡೆಬರಹದ ಮಾತನ್ನೇ ಒಪ್ಪಿಸಿದೆ. ಹೆಣ್ಣನ್ನು ಮಾಲಿಗೆ ಹೋಲಿಸುತ್ತಿದ್ದೇನೆಂಬ ಅರಿವೂ ನನಗಿರಲಿಲ್ಲ.

ಅಪ್ಪ ಬೀಡಿ ಆರಿಸಿ ಹೇಳಿದ: "ನಾನು ಮಾರಿದ್ದು ಐನೂರಕ್ಕೆ ಕಣಮ್ಮಿ. ಕೊಂಡೋನು ಅದ್ನ ಎಷ್ಟಕ್ಕೆ ಮಾರ್ದ? ಅವನಿಗೆ ದುಡ್ಡು ಕೊಟ್ಟೋನು ಯಾವೋನು? ನಿನ್ ಪುಸ್ತಕದಾಗೆ ಅದೂ ಬರ್ದದಾ? ಓದ್ಬುಟ್ಟು ಹೇಳು."

ಓದಿದೆ.

2014ರಲ್ಲಿ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಉಮೇದುವಾರ ಖರ್ಚು ಮಾಡಬಹುದಾಗಿದ್ದ ಮಿತಿ 70 ಲಕ್ಷ ರೂಪಾಯಿ. ನಮ್ಮ ಕ್ಷೇತ್ರದ ಮತದಾರರು ಆಗಲೇ ಇಪ್ಪತ್ತು ಲಕ್ಷ ಮೀರಿದ್ದರು. ಅಪ್ಪನ ಮುಂದೆ ಭಾಗಾಕಾರ ಮಾಡಿದೆ. ತಲೆಗೆ ಮೂರೂವರೆ ರೂಪಾಯಿಯೂ ಬರುವುದಿಲ್ಲ. ಒಂದು ಅರ್ಧ ಟೀಗೂ ಸಾಲದು. ಹಾಗಾದರೆ ನಮ್ಮ ಬಾಗಿಲಿಗೆ ಬಂದ ಐನೂರು ಯಾವ ಲೆಕ್ಕದ್ದು?

ಈ ಮಿತಿ ಉಮೇದುವಾರನಿಗೆ ಮಾತ್ರ, ಪಕ್ಷಕ್ಕಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಪಕ್ಷದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕು ಎಂದಿತು. ಅದೇ ವರ್ಷ ಕಾಯಿದೆಯನ್ನೇ ತಿದ್ದಿ ಆ ತೀರ್ಪಿನ ಹಲ್ಲು ಕಿತ್ತರು. ಪಕ್ಷ ಎಷ್ಟು ಸುರಿಯಬಹುದು ಎಂಬುದಕ್ಕೆ ಇಂದಿಗೂ ಮಿತಿಯಿಲ್ಲ. ಬಡವನಿಗೆ ಮಾತ್ರ ಮಿತಿ ಇದೆ. ಲೋಕಸಭೆಗೆ ನಿಲ್ಲಲು ಠೇವಣಿ 25,000. ನಮ್ಮಂಥವರಿಗೆ ಅರ್ಧ, 12,500. ಆಗ ಅಪ್ಪನಿಗೆ ಮೂಟೆಗೆ ಐದು ರೂಪಾಯಿ ಸಿಕ್ಕರೆ ಹೆಚ್ಚು. ಎರಡೂವರೆ ಸಾವಿರ ಮೂಟೆ ಹೊತ್ತರೆ ಒಂದು ನಾಮಪತ್ರ. ಚಲಾಯಿಸಿದ ಮತದಲ್ಲಿ ಆರನೇ ಒಂದು ಪಾಲು ಬಾರದಿದ್ದರೆ ಅಷ್ಟೂ ಮೂಟೆ ಸರ್ಕಾರದ ಪಾಲು.

ಆಮೇಲೆ ಬಾಂಡು. 2018ರಿಂದ ಚುನಾವಣಾ ಬಾಂಡುಗಳು ಬಂದವು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗೆ. ಕೊಟ್ಟವರು ಯಾರೆಂದು ಓಟು ಹಾಕುವವರಿಗೆ ಗೊತ್ತಾಗುವಂತಿರಲಿಲ್ಲ. ಹೀಗೆ ಹದಿನಾರು ಸಾವಿರ ಕೋಟಿಗೂ ಹೆಚ್ಚು ಹಣ ಹರಿಯಿತು. ಬೆಂಗಳೂರಿನ ಐಐಎಂನಲ್ಲಿ ಕಲಿಸಿದ ತ್ರಿಲೋಚನ ಶಾಸ್ತ್ರಿಯವರೂ ಸೇರಿ 1999ರಲ್ಲಿ ಕಟ್ಟಿದ ಎಡಿಆರ್ ಸಂಸ್ಥೆ, ಸಿಪಿಐ(ಎಂ) ಮೊದಲಾದವರು ಕೋರ್ಟಿಗೆ ಹೋದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಆ ಯೋಜನೆಯನ್ನು ಸಂವಿಧಾನಬಾಹಿರ ಎಂದು ಹೊಡೆದುಹಾಕಿತು. ಬಾಂಡು ಪಡೆದವರ ಪಟ್ಟಿ ಹೊರಬಂದಾಗ ಹುಡುಕಿ ನೋಡಿದೆ. ಪೊರಕೆಯ ಪಕ್ಷದ ಹೆಸರೂ ಅದರಲ್ಲಿತ್ತು. ಅವ್ವ ಅಂದು ಕೇಳಿದ ಪ್ರಶ್ನೆ ನೆನಪಾಯಿತು.

ಅವ್ವನ ಹತ್ತು ರೂಪಾಯಿಗೆ ಹೆಸರಿತ್ತು. ಅವರ ಕೋಟಿಗೆ ಹೆಸರಿರಲಿಲ್ಲ. ಆದರೂ ಓಟು ಮಾರಿಕೊಂಡವರು ಎಂಬ ಬಿರುದು ಮಾತ್ರ ನಮ್ಮ ಗಲ್ಲಿಗೆ. ಕದ್ದ ಮಾಲಿನ ದೊಡ್ಡ ಗೋದಾಮನ್ನು ಬಿಟ್ಟು, ಉದುರಿದ ಕಾಳು ಆಯ್ದವಳ ಸೆರಗು ತಪಾಸಣೆ ಮಾಡುವ ನ್ಯಾಯ ಇದು. ಆ ತಪಾಸಣೆಗೆ ಓದಿದ ಮಗಳಾದ ನಾನೇ ನಿಂತಿದ್ದೆ.

ಹಾಗಾದರೆ ದುಡ್ಡಿನ ವಿರುದ್ಧ ನಿಂತು ಸೋಲುವವರಿಂದ ಏನು ಬಂತು? 2015ರಲ್ಲಿ ಅಮೆರಿಕದಲ್ಲಿ ಲಾರೆನ್ಸ್ ಲೆಸ್ಸಿಗ್ ಎಂಬ ಇನ್ನೊಬ್ಬ ಕಾನೂನಿನ ಮೇಷ್ಟ್ರು, ಚುನಾವಣೆಯನ್ನು ಹಣವಂತರ ಕೈಯಿಂದ ಬಿಡಿಸಬೇಕು ಎಂಬುದನ್ನೇ ಮುಂದಿಟ್ಟುಕೊಂಡು, ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರನಾಗಲು ಹೊರಟರು. ಉಳಿದವರ ಜೊತೆ ಚರ್ಚೆಯ ವೇದಿಕೆ ಹತ್ತಲೂ ಬಿಡಲಿಲ್ಲ. ನವೆಂಬರಿನಲ್ಲಿ ಹಿಂದೆ ಸರಿದರು. ಅಲ್ಲೂ ಅದೇ ಕಥೆ.

ಆದರೆ ಸೋಲೊಂದೇ ಕಥೆಯಲ್ಲ. ಕಾಗೋಡಿನ ಗೇಣಿದಾರರ ಹೋರಾಟದ ಬೆನ್ನಿಗೇ, 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಮಾಜವಾದಿಯಾಗಿ ವಿಧಾನಸಭೆಗೆ ಗೆದ್ದು ಬಂದರು. ಅವರ ಹಿಂದೆ ಹಣವಿರಲಿಲ್ಲ, ಗೇಣಿದಾರರಿದ್ದರು. 1988ರಲ್ಲಿ ಕಾನ್ಶಿರಾಂ ಅಲಹಾಬಾದಿನ ಉಪಚುನಾವಣೆಗೆ ನಿಂತು, ದಲಿತ ಕೇರಿಗಳಲ್ಲಿ ಓಟಿನ ಜೊತೆ ಒಂದೊಂದು ನೋಟು ಕೇಳಿದರು. ವಿ.ಪಿ. ಸಿಂಗ್ ಎದುರು ಸೋತರು. ಆದರೆ ನೋಟು ಕೊಟ್ಟ ಕೇರಿಗಳು ಆಮೇಲೆ ಸುಮ್ಮನೆ ಕೂರಲಿಲ್ಲ. ಗೆಲುವೇ ಅಳತೆಗೋಲಾದರೆ 1952ರಲ್ಲಿ ಮುಂಬಯಿಯಲ್ಲಿ, 1954ರಲ್ಲಿ ಭಂಡಾರದಲ್ಲಿ ಬಾಬಾಸಾಹೇಬರೂ ಸೋತ ಉಮೇದುವಾರರೇ. ಎಲ್ಲರಿಗೂ ಒಂದೇ ಓಟು, ಒಂದೇ ಬೆಲೆ ಎಂಬ ಮಾತು ಬದುಕಿನ ಅಸಮಾನತೆಯೆದುರು ಮುರಿದುಬಿದ್ದೀತೆಂದು 1949ರಲ್ಲೇ ಎಚ್ಚರಿಸಿದವರು ಅವರು.

2024ರ ಏಪ್ರಿಲ್ 26. ಮತ್ತೆ ಓಟು. ಆ ವಾರ ದಿನವೂ ಕೆಲಸದಿಂದ ಬಂದು ಕಾಲು ತೊಳೆಯುತ್ತಾ ಅವ್ವ ಕೇಳುತ್ತಿದ್ದಳು: "ರಸೀದಿ ಪುಸ್ತಕ ಹಿಡ್ಕೊಂಡು ಯಾರಾದ್ರೂ ಬಂದಿದ್ರೇನಮ್ಮಿ?"

ಯಾರೂ ಬರಲಿಲ್ಲ. ರಾತ್ರಿ ಬರುವವರು ಮಾತ್ರ ಬಂದರು.

ಹಳ್ಳಿಯ ಮೇಷ್ಟ್ರುಗಳೇ, ಸಂಘಟನೆಯ ಗೆಳೆಯರೇ, ಓಟು ಮಾರಬೇಡಿ ಎಂಬ ಬೋರ್ಡು ಹಿಡಿದು ಕೇರಿಗೆ ಹೋಗುವ ಮೊದಲು ಒಂದು ರಸೀದಿ ಪುಸ್ತಕ ಅಚ್ಚು ಹಾಕಿಸೋಣ. ನಮ್ಮವರೊಬ್ಬರನ್ನು ನಿಲ್ಲಿಸೋಣ. ಠೇವಣಿ ಹೋದರೆ ಹೋಗಲಿ. ಕೇರಿಯ ಮುಂದೆ ಕೈಯೊಡ್ಡಿ, ಕೊಟ್ಟವರ ಹೆಸರನ್ನು ತಪ್ಪಿಲ್ಲದೆ ಬರೆಯೋಣ. ಮೊದಲ ಹತ್ತು ರೂಪಾಯಿ ನಮ್ಮ ಮನೆಯಿಂದ ಬರುತ್ತದೆ. ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ.